ಗಂಜಿ ಕ್ಯಾಪ್‌ನಿಂದ ಸ್ಕ್ರಬ್ಸ್‌ವರೆಗೆ: ನನ್ನ ವಾರ್ಡಿನ ಅನುಭವ

ನಾನು ನರ್ಸಿಂಗ್ ತರಬೇತಿಗೆ ಸೇರಿದಾಗ ಯೂನಿಫಾರ್ಮ್ ತಪಾಸಣೆ ತಲೆಯಿಂದ ಶುರುವಾಗುತ್ತಿತ್ತು. ಕ್ಯಾಪ್‌ಗೆ ಗಂಜಿ ಹಾಕಿದೆಯಾ, ಶೂ ಬೆಳ್ಳಗಿದೆಯಾ, ಇಸ್ತ್ರಿ ಗೆರೆ ನೇರ ಇದೆಯಾ. ಈಗ ನಾನೇ ವಾರ್ಡ್ ಇನ್‌ಚಾರ್ಜ್. ಬೆಳಗ್ಗೆ ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ಕೆಲಸ ಒಪ್ಪಿಸುವ ಹ್ಯಾಂಡ್‌ಓವರ್ ಹೊತ್ತಿಗೆ ನಾನು ಮೊದಲು ನೋಡುವುದು ಮೊಣಕೈಯಿಂದ ಕೆಳಗೆ. ಉಂಗುರ, ವಾಚ್, ಬಳೆ, ಉದ್ದ ತೋಳು ಯಾವುದೂ ಇರಬಾರದು. ಉಗುರಿನ ತುದಿ ಅರ್ಧ ಸೆಂಟಿಮೀಟರ್‌ಗಿಂತ ಕಡಿಮೆ ಇರಬೇಕು, ಅಂಟಿಸಿದ ಉಗುರು ಬೇಡವೇ ಬೇಡ. ಉಗುರಿನ ಈ ನಿಯಮ ನನ್ನ ಹಠವಲ್ಲ, ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೈ ತೊಳೆಯುವುದರ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲೇ ಇದೆ.

ಕ್ಯಾಪ್ ಹೋಯಿತು ಅಂತ ಬೇಸರಪಡುವ ಹಿರಿಯರು ಇನ್ನೂ ಇದ್ದಾರೆ. ನನಗೇನೂ ಬೇಸರವಿಲ್ಲ. ಡ್ರಿಪ್ ಬದಲಿಸಲು ಹೋದರೆ ಟ್ಯೂಬಿಗೆ ಸಿಕ್ಕಿಕೊಳ್ಳುತ್ತಿತ್ತು, ಬೆಡ್ಡಿನ ಪರದೆಗೆ ತಾಗಿ ಪಿನ್ ಸಡಿಲವಾಗುತ್ತಿತ್ತು. ಸರಿಮಾಡಿಕೊಳ್ಳಲು ಕೈ ಪದೇ ಪದೇ ತಲೆಗೆ ಹೋಗುತ್ತಿತ್ತು. ಡ್ರೆಸ್ಸನ್ನು ದಿನಾ ಒಗೆಯುತ್ತಿದ್ದೆವು, ಕ್ಯಾಪ್ ಮಾತ್ರ ಗಂಜಿ ಕೆಡುತ್ತದೆ ಅಂತ ಹಾಗೇ ಇಟ್ಟುಕೊಳ್ಳುತ್ತಿದ್ದೆವು. ಶುಚಿತ್ವದ ಗುರುತು ಅಂತ ತಲೆ ಮೇಲೆ ಹೊತ್ತದ್ದೇ ಒಗೆಯದ ಬಟ್ಟೆ!

ಆದರೆ ಕ್ಯಾಪ್ ಜೊತೆ ಒಂದು ಉಪಯೋಗವೂ ಹೋಯಿತು. ದೂರದಿಂದ ನೋಡಿದರೂ ನರ್ಸ್ ಯಾರು ಅಂತ ರೋಗಿಗೆ ಗೊತ್ತಾಗುತ್ತಿತ್ತು. ಸ್ಕ್ರಬ್ಸ್, ಅಂದರೆ ಗಿಡ್ಡ ತೋಳಿನ ಸರಳ ಅಂಗಿ-ಪ್ಯಾಂಟ್, ಬಂದ ಮೇಲೆ ಡಾಕ್ಟರ್, ನರ್ಸ್, ಟೆಕ್ನೀಷಿಯನ್, ವಾರ್ಡ್ ಸಹಾಯಕರು ಎಲ್ಲರೂ ಒಂದೇ ಥರ. ವಯಸ್ಸಾದವರಿಗೆ, ಕಣ್ಣು ಮಂಜಾದವರಿಗೆ ಇದು ಸಣ್ಣ ತೊಂದರೆಯಲ್ಲ. ಶೌಚಕ್ಕೆ ಕರೆದುಕೊಂಡು ಹೋಗಿ ಅಂತ ಯಾರನ್ನು ಕೇಳಬೇಕು ಅಂತಲೇ ತಿಳಿಯದೆ ತಡೆದುಕೊಂಡು ಮಲಗಿರುತ್ತಾರೆ. ಒಂದೊಂದು ಹುದ್ದೆಗೆ ಒಂದೊಂದು ಬಣ್ಣ ಅಂತ ಮಾಡಿ ಗೋಡೆಗೆ ಚಾರ್ಟ್ ಹಾಕಿದೆವು. ಚಾರ್ಟನ್ನು ಓದಿದ್ದು ಜಾಸ್ತಿ ಸಂಬಂಧಿಕರೇ. ಮಲಗಿರುವವರಿಗೆ ಅದು ಕಾಣುವುದೇ ಇಲ್ಲ, ಅಲ್ವಾ?

ಕೆಲಸಕ್ಕೆ ಬಂದದ್ದು ಬಾಯಿಮಾತು. ಇಂಗ್ಲೆಂಡಿನ ಡಾಕ್ಟರ್ ಕೇಟ್ ಗ್ರೇಂಜರ್ 2013ರಲ್ಲಿ ತಾವೇ ಕ್ಯಾನ್ಸರ್ ರೋಗಿಯಾಗಿ ಆಸ್ಪತ್ರೆಯಲ್ಲಿದ್ದಾಗ, ಬಂದು ಹೋಗುವ ಎಷ್ಟೋ ಸಿಬ್ಬಂದಿ ತಮ್ಮ ಹೆಸರೇ ಹೇಳುವುದಿಲ್ಲ ಅನ್ನುವುದನ್ನು ಗಮನಿಸಿ, 'ಹಲೋ, ಮೈ ನೇಮ್ ಈಸ್' ಅನ್ನುವ ಅಭಿಯಾನ ಶುರುಮಾಡಿದರು. ಅದನ್ನು ನಾನು ನಮ್ಮ ವಾರ್ಡಿನ ಅಭ್ಯಾಸ ಮಾಡಿಕೊಂಡೆ. ಪಾಳಿ ಬದಲಾದ ಕೂಡಲೇ ಪ್ರತಿ ಬೆಡ್ಡಿನ ಹತ್ತಿರ ಹೋಗಿ, ರೋಗಿಯ ಕಣ್ಣಿಗೆ ಬೀಳುವ ಕಡೆ ನಿಂತು, ಹೆಸರು, ಕೆಲಸ, ಎಷ್ಟು ಗಂಟೆವರೆಗೆ ಇರುತ್ತೇನೆ, ಇಷ್ಟು ಹೇಳುವುದು. ಬ್ಯಾಡ್ಜಿನಲ್ಲಿ ಹೆಸರು ದಪ್ಪ ಅಕ್ಷರದಲ್ಲಿ ಮೇಲೆ, ಹುದ್ದೆ ಕೆಳಗೆ. ಕುತ್ತಿಗೆಗೆ ನೇತುಹಾಕುವ ಪಟ್ಟಿ ಬೇಡ ಅಂದೆ. ಡ್ರೆಸ್ಸಿಂಗ್ ಮಾಡಲು ಬಗ್ಗಿದರೆ ಅದು ನೇರ ಗಾಯದ ಮೇಲೆ ಜೋತಾಡುತ್ತದೆ. ಜೇಬಿಗೆ ಸಿಕ್ಕಿಸುವ ಬ್ಯಾಡ್ಜೇ ಸಾಕು. ವಾಚೂ ಅಲ್ಲೇ, ಎದೆಗೆ ಪಿನ್ ಮಾಡುವಂಥದ್ದು. ನಾಡಿ ಎಣಿಸಲು ಸೆಕೆಂಡ್ ಮುಳ್ಳು ಬೇಕೇ ಬೇಕು.

ಬಣ್ಣದ ವಿಷಯಕ್ಕೆ ಬರುತ್ತೇನೆ. ಆಪರೇಷನ್ ಥಿಯೇಟರಿನಲ್ಲಿ ಬಿಳಿ ಬಿಟ್ಟು ಹಸಿರಿಗೆ, ನೀಲಿಗೆ ಹೋಗಿದ್ದಕ್ಕೆ ಕಾರಣ ಇದೆ. ಜೋರು ದೀಪದ ಕೆಳಗೆ ಬಿಳಿ ಕಣ್ಣು ಕುಕ್ಕುತ್ತದೆ, ಕೆಂಪನ್ನೇ ನೋಡಿ ನೋಡಿ ದಣಿದ ಕಣ್ಣಿಗೆ ಹಸಿರು ಹಿತ. ವಾರ್ಡಿಗೆ ಆ ಕಾರಣ ಅಷ್ಟಾಗಿ ಅನ್ವಯಿಸುವುದಿಲ್ಲ. ಅಲ್ಲಿ ಕಡುನೀಲಿಯದ್ದು ಬೇರೆಯೇ ತೊಂದರೆ: ಕಲೆ ಕಾಣುವುದಿಲ್ಲ. ಬಿಳಿಯ ಮೇಲೆ ಒಂದು ಹನಿ ಬಿದ್ದರೂ ಬದಲಿಸಿಕೊಳ್ಳುತ್ತಿದ್ದೆವು. ಹಾಗಾಗಿ ಈಗ ಕಲೆ ಕಂಡರೆ ಬದಲಿಸಿ ಅನ್ನುವ ನಿಯಮ ನಡೆಯುವುದಿಲ್ಲ. ಪಾಳಿಗೊಂದು ಜೊತೆ, ಮೈಮೇಲೆ ಏನಾದರೂ ಚಿಮ್ಮಿದ ಅನುಮಾನ ಬಂದರೂ ಸಾಕು, ಬದಲಿಸಬೇಕು. ಅದಕ್ಕೆ ವಾರ್ಡಿನಲ್ಲಿ ಹೆಚ್ಚುವರಿ ಜೊತೆ ಇಡಿಸಿದ್ದೇನೆ. ಇಡಿಸದೆ ಸುಮ್ನೆ ಬೈಯುವುದು ನ್ಯಾಯವಲ್ಲ.

ಮನೆಯಲ್ಲಿ ಒಗೆಯುವವರಿಗೆ ನಾನು ಹೇಳುವುದು ಇಷ್ಟೇ. ಬೇರೆ ಬಟ್ಟೆ ಜೊತೆ ಸೇರಿಸಬೇಡಿ, ಮಷಿನ್ನಿಗೆ ತುಂಬುವ ಮುಂಚೆ ಕೊಡವಬೇಡಿ. 60 ಡಿಗ್ರಿ ನೀರಿನಲ್ಲಿ 10 ನಿಮಿಷ ತೊಳೆದರೆ ಬಹುತೇಕ ಎಲ್ಲ ಸೂಕ್ಷ್ಮಾಣುಗಳೂ ಹೋಗುತ್ತವೆ. ಬಟ್ಟೆ ಕೊಳ್ಳುವಾಗಲೇ ಅಷ್ಟು ಬಿಸಿ ತಡೆಯುತ್ತದಾ ನೋಡಿ. ಮೈಗೆ ಅಂಟುವ ಸ್ಕ್ರಬ್ಸ್ ಈಗ ಫ್ಯಾಷನ್ ಆಗಿದೆ. ರೋಗಿಯನ್ನು ಎತ್ತಿ ಕೂರಿಸುವಾಗ ಬಗ್ಗಲು, ಕುಕ್ಕರಗಾಲಲ್ಲಿ ಕೂರಲು ಬರಬೇಕು. ಬಂದರೆ ನನ್ನ ತಕರಾರಿಲ್ಲ.

ಕಿರಿಯರೊಬ್ಬರು ಕೇಳಿದರು, "ಸಿಸ್ಟರ್, ತೋಳು ಗಿಡ್ಡ ಮಾಡಿದರೆ ಸೋಂಕು ಕಡಿಮೆ ಆಗುತ್ತೆ ಅನ್ನೋದಕ್ಕೆ ಪುರಾವೆ ಇದೆಯಾ?" ಒಳ್ಳೆ ಪ್ರಶ್ನೆ. ಮೊಣಕೈ ಕೆಳಗೆ ಬರಿಗೈ ಅನ್ನುವ ನಿಯಮವನ್ನು ದೊಡ್ಡದಾಗಿ ತಂದದ್ದು 2007ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆ. ಯೂನಿಫಾರ್ಮ್‌ನಿಂದ ಸೋಂಕು ಹರಡುತ್ತದೆ ಅನ್ನಲು ಖಚಿತ ಪುರಾವೆ ಇಲ್ಲ ಅಂತ ಅವರೇ ಒಪ್ಪಿಕೊಂಡಿದ್ದರು. ನಾನು ಅದನ್ನೇ ಹೇಳಿದೆ. ಜೊತೆಗೆ, ಉದ್ದ ತೋಳು ಹಾಕಿಕೊಂಡು ಮಣಿಕಟ್ಟಿನವರೆಗೆ ಸರಿಯಾಗಿ ಕೈ ತೊಳೆದು ತೋರಿಸಿ ಅಂದೆ. ತೋಳು ನೆನೆಯಿತು. ಮತ್ತೆ ಆ ಮಾತು ಬರಲಿಲ್ಲ.

ಡಾಕ್ಟರರಿಗೆ ಹೇಳುವುದೇ ಕಷ್ಟ. ವಾಚ್ ಕಟ್ಟಿಕೊಂಡು ರೌಂಡ್ಸ್‌ಗೆ ಬಂದವರನ್ನು ಎಲ್ಲರ ಎದುರು ತಡೆಯಲು ಹೋಗಬೇಡಿ, ಕೋಪ ಬರುತ್ತದೆ, ವಾಚ್ ಮಾತ್ರ ಹಾಗೇ ಇರುತ್ತದೆ. ವಾರ್ಡಿನ ಬಾಗಿಲಲ್ಲಿ ಹ್ಯಾಂಡ್ ರಬ್ (ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್) ಪಕ್ಕ ಒಂದು ಟ್ರೇ ಇಟ್ಟಿದ್ದೇನೆ. "ಸರ್, ವಾಚ್ ಇಲ್ಲಿಡಿ, ನಾನು ನೋಡಿಕೊಳ್ಳುತ್ತೇನೆ" ಅಂದರೆ ಹೆಚ್ಚಿನವರು ಬಿಚ್ಚಿಡುತ್ತಾರೆ. ಬಿಚ್ಚದವರೂ ಇದ್ದಾರೆ.

ಇನ್ನೂ ಸರಿಹೋಗದೆ ಉಳಿದಿರುವುದು ರಾತ್ರಿ ಪಾಳಿಯ ಚಳಿ. ಗಿಡ್ಡ ತೋಳಿನಲ್ಲಿ ಬೆಳಗಿನ ಜಾವ ನಡುಕ ಬರುತ್ತದೆ. ಸ್ವೆಟರ್ ನರ್ಸಿಂಗ್ ಸ್ಟೇಷನ್‌ನಲ್ಲಿ ಕೂತಾಗ ಮಾತ್ರ, ರೋಗಿಯ ಹತ್ತಿರ ಹೋಗುವಾಗ ತೆಗೆದಿಡಬೇಕು ಅಂತ ಮಾಡಿದ್ದೇವೆ. ಕರೆಗಂಟೆ ಮೇಲಿಂದ ಮೇಲೆ ಹೊಡೆಯುವ ರಾತ್ರಿ ಅದು ಆಗದ ಮಾತು. ಒಳಗೆ ತೋಳಿಲ್ಲದ ಬೆಚ್ಚನೆ ಬನಿಯನ್ ಹಾಕಿಕೊಳ್ಳಿ ಅಂದಿದ್ದೇನೆ. ಮುಂದಿನ ಆರ್ಡರಿನಲ್ಲಿ ರಾತ್ರಿ ಪಾಳಿಗೆ ದಪ್ಪ ಬಟ್ಟೆಯ ಸ್ಕ್ರಬ್ಸ್ ಕೇಳಿ ಪತ್ರ ಕೊಟ್ಟಿದ್ದೇನೆ.