ಗುರಿ ಹಡಗಿಗೆ ತುಕ್ಕು ಹಿಡಿಸಿದ್ದು

ಎರಡನೇ ಮಹಾಯುದ್ಧದ ಸರಕು ಹಡಗು 'ಲಿಬರ್ಟಿ'ಯ ಪ್ಲಾಸ್ಟಿಕ್ ಮಾಡೆಲ್ ಕಿಟ್ ಸಿಕ್ಕರೆ ಎಲ್ಲರೂ ಅದಕ್ಕೆ ನೀಟಾಗಿ ಬೂದು ಬಣ್ಣ ಹೊಡೆದು, ಡೆಕ್ ತುಂಬ ಸರಕು ಹೇರಿ ನಿಲ್ಲಿಸುತ್ತಾರೆ. ಯುದ್ಧಕಾಲದಲ್ಲಿ ಅಮೆರಿಕ ಇಂಥವನ್ನು 2,700ಕ್ಕೂ ಜಾಸ್ತಿ ಕಟ್ಟಿತ್ತು, ಮಾಡೆಲ್‌ಗಳಿಗೂ ಬರ ಇಲ್ಲ. ನನಗೆ ಬೇಕಿದ್ದದ್ದು ಏಟು ತಿಂದು ನಿಂತ 'ಜೇಮ್ಸ್ ಲಾಂಗ್‌ಸ್ಟ್ರೀಟ್'.

1942ರಲ್ಲಿ ಹ್ಯೂಸ್ಟನ್‌ನಲ್ಲಿ ತಯಾರಾದ ಹಡಗು. ಮರುವರ್ಷವೇ ಬಿರುಗಾಳಿಗೆ ಸಿಕ್ಕಿ ನ್ಯೂಜೆರ್ಸಿಯ ಸ್ಯಾಂಡಿ ಹುಕ್‌ನಲ್ಲಿ ನೆಲ ಹತ್ತಿತು. ಅಲ್ಲಿಗೆ ಸರಕಿನ ಕೆಲಸ ಮುಗಿಯಿತು. ಆಮೇಲೆ ನೌಕಾಪಡೆ ಅದನ್ನು ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಕೊಲ್ಲಿಯಲ್ಲಿ, ಈಸ್ಟ್‌ಹ್ಯಾಮ್ ಎದುರು, ಆಳವಿಲ್ಲದ ನೀರಲ್ಲಿ ಕೂರಿಸಿತು. 1970ರ ದಶಕದ ಆರಂಭದವರೆಗೂ ವಿಮಾನಗಳು ಅದರ ಮೇಲೆ ಗುರಿ ಅಭ್ಯಾಸ ಮಾಡಿದವು. ರಾತ್ರಿ ಹೊತ್ತು ಜನ ದಡದಲ್ಲಿ ಸೇರಿ ನೋಡುತ್ತಿದ್ದರಂತೆ!

ನನ್ನದು 1/350 ಅಳತೆ, ಉದ್ದ ಸುಮಾರು 38 ಸೆಂ.ಮೀ. ಮೊದಲ ತಲೆನೋವು ತೂತುಗಳದ್ದು. ಒಂದೂವರೆ ಮಿಲಿಮೀಟರ್ ಪ್ಲಾಸ್ಟಿಕ್ ಅಂದರೆ ಈ ಅಳತೆಯಲ್ಲಿ ಅರ್ಧ ಮೀಟರ್ ದಪ್ಪದ ಉಕ್ಕು. ಸುಮ್ನೆ ಡ್ರಿಲ್ ಹಾಕಿದರೆ ಕೋಟೆ ಗೋಡೆಗೆ ಕಿಂಡಿ ಕೊರೆದ ಹಾಗೆ ಕಾಣುತ್ತದೆ. ಹಾಗಾಗಿ ಒಳಗಿನಿಂದ ಕೆರೆಯುತ್ತಾ ಹೋದೆ, ದೀಪದ ಬೆಳಕು ಆಚೆ ಕಾಣುವಷ್ಟು ತೆಳುವಾಗಬೇಕು. ಆಮೇಲೆ ಸೂಜಿ ಬಿಸಿ ಮಾಡಿ ಹೊರಗಿನಿಂದ ಚುಚ್ಚಿದರೆ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ. ದೊಡ್ಡ ಬಾಯಿ ಎರಡು ಮೂರು ಸಾಕು. ಅಭ್ಯಾಸಕ್ಕೆ ಹೆಚ್ಚಾಗಿ ಹಾಕುವುದು ಸಿಡಿಯದ ನಕಲಿ ಬಾಂಬು, ಅಲ್ವಾ? ಉಳಿದದ್ದನ್ನೆಲ್ಲ ತಿಂದದ್ದು ಉಪ್ಪುನೀರು. ಅದಕ್ಕೇ ನನ್ನ ಪ್ರಕಾರ ಬಾಂಬಿಗಿಂತ ತುಕ್ಕಿಗೆ ಜಾಸ್ತಿ ಸಮಯ ಕೊಡಬೇಕು.

ತುಕ್ಕಿಗೆ ಮೊದಲು ಕಂದು ಬಣ್ಣ, ಒಣಗಿದ ಮೇಲೆ ಹೇರ್‌ಸ್ಪ್ರೇ. ಅದು ಹಸಿ ಇರುವಾಗಲೇ ಕಲ್ಲುಪ್ಪಿನ ಪುಡಿ ಉದುರಿಸಿ, ಒಣಗಿಸಿ, ಮೇಲೆ ತೆಳ್ಳಗೆ ಬೂದು ಅಕ್ರಿಲಿಕ್. ಆಮೇಲೆ ಒದ್ದೆ ಬ್ರಷ್‌ನಿಂದ ಉಜ್ಜಿದರೆ ಉಪ್ಪು ಎದ್ದು ಬರುತ್ತದೆ, ಜೊತೆಗೆ ಬೂದು ಬಣ್ಣವೂ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಉಬ್ಬರ-ಇಳಿತದ ಗುರುತು ಮರೆಯಬೇಡಿ. ಆ ಕೊಲ್ಲಿಯಲ್ಲಿ ವ್ಯತ್ಯಾಸ ಸುಮಾರು 10 ಅಡಿ, ಮಾಡೆಲ್‌ನಲ್ಲಿ 9 ಮಿಲಿಮೀಟರ್ ಪಟ್ಟಿ. ಹಡಗು ತಳ ಕಚ್ಚಿ ಕೂತಿದ್ದರಿಂದ ನೀರು ಮಾತ್ರ ಏರಿಳಿಯುತ್ತದೆ. ಆ ಪಟ್ಟಿಗೆ ಕಪ್ಪು-ಹಸಿರು ಪಾಚಿ ಬಣ್ಣ ಒತ್ತಿದೆ.

ಫಿರಂಗಿ, ಲೈಫ್‌ಬೋಟ್, ಪ್ರೊಪೆಲರ್, ಚುಕ್ಕಾಣಿ ಎಲ್ಲ ಡಬ್ಬಿಯಲ್ಲೇ ಉಳಿದಿವೆ. ಯಾರಾದರೂ ಚೆಂದದ ಲಿಬರ್ಟಿ ಕಟ್ಟುತ್ತಿದ್ದರೆ ಹೇಳಿ, ಕೊಡುತ್ತೇನೆ.