ಸೊರೊರಿಟಿ ಮನೆ ತುಂಬಬೇಕಾದರೆ ಕರಾರು ಅಕ್ಟೋಬರ್‌ನಲ್ಲೇ ಆಗಬೇಕು

ಅಮೆರಿಕದ ಕಾಲೇಜುಗಳಲ್ಲಿ ಸೊರೊರಿಟಿ ಎನ್ನುವ ವಿದ್ಯಾರ್ಥಿನಿಯರ ಸಂಘಗಳಿಗೆ ಎಷ್ಟೋ ಕಡೆ ಸ್ವಂತ ಮನೆ ಇರುತ್ತದೆ. ನೂರಕ್ಕೂ ಮಿಕ್ಕಿ ಸದಸ್ಯೆಯರಿದ್ದರೂ ನಲವತ್ತು ಹಾಸಿಗೆ ತುಂಬುವುದಿಲ್ಲ. ಮನೆ ನಡೆಸುವುದು ಓದು ಮುಗಿಸಿದ ಹಳೆಯ ಸದಸ್ಯೆಯರ ಸಂಸ್ಥೆಯಾದ ಹೌಸ್ ಕಾರ್ಪೊರೇಷನ್. ಅಲ್ಲಿ ಲೆಕ್ಕ ನೋಡುವ ನಾನು ಅನುಸರಿಸುವ ಕ್ರಮ ಇದು.

ಮೊದಲು ನಷ್ಟವಾಗದಿರಲು ಎಷ್ಟು ಜನ ಬೇಕೆಂದು ತಿಳಿಯಬೇಕು. ವಿಮೆ, ತೆರಿಗೆ, ಸಾಲದ ಕಂತು, ಮನೆ ನೋಡಿಕೊಳ್ಳುವ ಹೌಸ್ ಡೈರೆಕ್ಟರ್ ಮತ್ತು ಅಡುಗೆಯವರ ಸಂಬಳ ಯಾರಿದ್ದರೂ ಇಲ್ಲದಿದ್ದರೂ ಕಟ್ಟಲೇಬೇಕಾದವು. ಉದಾಹರಣೆಗೆ ಅವೆಲ್ಲ ಸೇರಿ ವರ್ಷಕ್ಕೆ 2,70,000 ಡಾಲರ್ ಎನ್ನಿ. ಒಬ್ಬರಿಂದ ಬರುವುದು 9,000, ಅವರ ಊಟದ ಸಾಮಾನಿಗೆ ಹೋಗುವುದು 1,800, ಉಳಿಯುವುದು 7,200. ಭಾಗಿಸಿದರೆ 37.5. ಅಂದರೆ 40ರಲ್ಲಿ 38 ತುಂಬಬೇಕು. ಮೂರನೆಯ ಹಾಸಿಗೆ ಖಾಲಿಯಾದ ಕೂಡಲೇ ಕೈಯಿಂದ ಹಣ ಹೋಗುತ್ತದೆ. ಹೊರಗೆ ವಾಸಿಸುವ ಸದಸ್ಯೆಯರು ಮನೆಯ ಬಳಕೆಗೆ ಕಟ್ಟುವ ಪಾರ್ಲರ್ ಫೀ ಬಂದರೂ ಅದನ್ನು ನಾನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಚಾವಣಿ, ಬಾಯ್ಲರ್ ರಿಪೇರಿಗೆ.

ಎಲ್ಲಕ್ಕಿಂತ ಮುಖ್ಯ ಸಮಯ. ಆನ್ ಆರ್ಬರ್, ಮ್ಯಾಡಿಸನ್‌ನಂಥ ವಿಶ್ವವಿದ್ಯಾಲಯದ ಊರುಗಳಲ್ಲಿ ಮುಂದಿನ ಆಗಸ್ಟಿನ ಬಾಡಿಗೆ ಮನೆಯ ಹುಡುಕಾಟ ಹಿಂದಿನ ಅಕ್ಟೋಬರ್ ಹೊತ್ತಿಗೇ ಶುರುವಾಗಿರುತ್ತದೆ. ನಾಲ್ಕು ಗೆಳತಿಯರು ಸೇರಿ ಅಪಾರ್ಟ್‌ಮೆಂಟಿಗೆ ಸಹಿ ಹಾಕಿದ ಮೇಲೆ ಫೆಬ್ರವರಿಯಲ್ಲಿ ಎಷ್ಟು ಬೇಡಿಕೊಂಡರೂ ಪ್ರಯೋಜನವಿಲ್ಲ. ಆದ್ದರಿಂದ ಎರಡನೇ ವರ್ಷ ಮನೆಯಲ್ಲಿರುವುದು ಕಡ್ಡಾಯ ಎಂಬ ನಿಯಮವನ್ನೂ ಖರ್ಚಿನ ಪಟ್ಟಿಯನ್ನೂ ಸಂಘಕ್ಕೆ ಸೇರುವ ಮುಂಚೆಯೇ ಹುಡುಗಿಯ ಕೈಗೆ ಕೊಡಬೇಕು. ಸೇರಿದ ಮೇಲೆ ಹೇಳಿದರೆ ಮೋಸವೆನಿಸುತ್ತದೆ, ಅದು ನ್ಯಾಯವೂ ಅಲ್ಲ. ಜನವರಿಯಲ್ಲಿ ಸೇರ್ಪಡೆ ನಡೆಯುವ ಕ್ಯಾಂಪಸ್‌ಗಳಲ್ಲಿ ಆಗಲೇ ಸಂಘದಲ್ಲಿರುವ ವಿದ್ಯಾರ್ಥಿನಿಯರ ಕರಾರು ಅಕ್ಟೋಬರ್‌ನಲ್ಲೇ ಮುಗಿಸಿ, ಹೊಸಬರಿಗೆಂದು ಒಂದಿಷ್ಟು ಹಾಸಿಗೆ ತೆಗೆದಿಡುತ್ತೇವೆ.

ಅಪ್ಪ ಅಮ್ಮಂದಿರಿಗೆ ಎರಡು ಕಾಲಂನ ಹಾಳೆ ಕಳಿಸುತ್ತೇನೆ. ಅಪಾರ್ಟ್‌ಮೆಂಟಿನ ಕರಾರು ಸಾಮಾನ್ಯವಾಗಿ 12 ತಿಂಗಳದ್ದು, ನಮ್ಮದು 9. ಅಲ್ಲಿ ಬಾಡಿಗೆಯ ಮೇಲೆ ಕರೆಂಟು, ಇಂಟರ್ನೆಟ್, ಮಂಚ ಮೇಜು, ದಿನಸಿ ಎಲ್ಲ ಬೇರೆ. ತಿಂಗಳ ಬಾಡಿಗೆಯನ್ನಷ್ಟೇ ಹೋಲಿಸಿದರೆ ನಾವು ದುಬಾರಿಯಾಗಿ ಕಾಣುತ್ತೇವೆ, ವರ್ಷದ ಮೊತ್ತ ಹೋಲಿಸಿದರೆ ಚಿತ್ರ ಬದಲಾಗುತ್ತದೆ.

ಮೂರನೇ ವರ್ಷದವರನ್ನು ನಿಯಮದಿಂದ ಹಿಡಿದಿಡಲಾಗದು. ಅವರಿಗೆ ಬೇಕಾದ್ದು ಒಬ್ಬರೇ ಇರುವ ಕೋಣೆ, ಕಾರು ನಿಲ್ಲಿಸಲು ಜಾಗ, ರಾತ್ರಿ ಹನ್ನೊಂದಕ್ಕೂ ತೆರೆದಿರುವ ಚಿಕ್ಕ ಅಡುಗೆಮನೆ. ಮನೆಯೊಳಗೆ ಮದ್ಯ ನಿಷೇಧ, ಅದರಲ್ಲಿ ರಾಜಿಯಿಲ್ಲ. ಉಳಿದದ್ದರಲ್ಲಿ ಧಾರಾಳವಾಗಿರಿ.

ಕರಾರಿನಲ್ಲಿ ಬಿಗಿಯಾಗಿರಬೇಕಾದ ಸಾಲು ಒಂದೇ: ಬಿಟ್ಟು ಹೋಗುವವಳು ಬದಲಿ ಕೊಡಬೇಕು, ಆ ಬದಲಿ ಆಗಲೇ ನಮ್ಮಲ್ಲಿ ಸಹಿ ಹಾಕಿದವಳಾಗಿರಬಾರದು. ಈ ಎರಡನೇ ಭಾಗ ಇಲ್ಲದಿದ್ದರೆ ಹೆಸರು ಬದಲಾಗುತ್ತದೆ, ಹಾಸಿಗೆ ಖಾಲಿಯೇ ಉಳಿಯುತ್ತದೆ. ಅನಾರೋಗ್ಯ, ಪದವಿ ಮುಗಿಯುವುದು, ದೂರದ ಊರಿನಲ್ಲಿ ಶಿಕ್ಷಕ ತರಬೇತಿ, ಇವಕ್ಕೆ ವಿನಾಯಿತಿ ಉಂಟು.

ವಿದೇಶದಲ್ಲಿ ಓದಲು ಹೋಗುವವರಿಂದ ಜನವರಿಯಲ್ಲಿ ಖಾಲಿ ಬೀಳುತ್ತದೆ. ಆಗಸ್ಟಿನಲ್ಲಿ ಹೋಗುವವಳನ್ನೂ ಜನವರಿಯಲ್ಲಿ ಹೋಗುವವಳನ್ನೂ ಏಪ್ರಿಲ್‌ನಲ್ಲೇ ಜೋಡಿ ಮಾಡಿ ಒಂದೇ ಹಾಸಿಗೆಗೆ ಬರೆದುಕೊಳ್ಳುತ್ತೇನೆ. ಜೋಡಿ ಸಿಗದಿದ್ದರೆ ಹೊರಗಿನ ವಿದ್ಯಾರ್ಥಿನಿಯನ್ನು ಬೋರ್ಡರ್ ಆಗಿ ತೆಗೆದುಕೊಳ್ಳಬಹುದು, ಆದರೆ ಅದಕ್ಕೂ ಮೊದಲು ವಿಮೆಯ ಷರತ್ತನ್ನೂ ಊರಿನ ವಾಸದ ಪರವಾನಗಿಯನ್ನೂ ಓದಿ ನೋಡಬೇಕು.