ಪ್ಲಾಸ್ಟರ್ ಜೊತೆಗೇ ಚೀಟಿ: ನಮ್ಮ ಪ್ರೆಸ್ ಶಾಪಿನಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಕೊನೆಗೂ ಕೆಲಸಕ್ಕೆ ಬಂದ ಬಗೆ

ಪೀಣ್ಯದಲ್ಲಿ ನಮ್ಮದು ಶೀಟ್ ಮೆಟಲ್ ಪ್ರೆಸ್ ಶಾಪ್. ತಗಡು ಒತ್ತುವ ಹದಿನಾಲ್ಕು ಪವರ್ ಪ್ರೆಸ್, ತಗಡು ಕತ್ತರಿಸುವ ಎರಡು ಶಿಯರಿಂಗ್ ಮಷೀನ್, ಕತ್ತರಿಸಿದ ಅಂಚಿನ ಮುಳ್ಳು ಉಜ್ಜಿ ತೆಗೆಯಲು ಉದ್ದಕ್ಕೊಂದು ಡೀಬರಿಂಗ್ ಬೆಂಚು. ಎರಡು ಶಿಫ್ಟ್ ಸೇರಿ ಎಪ್ಪತ್ತು ಚಿಲ್ಲರೆ ಜನ. ನಾನು ಟೈಮ್ ಆಫೀಸಿಗೆ ಸೇರಿದವನು, ಈಗ ಮಸ್ಟರ್ ಅಂದರೆ ಹಾಜರಿ ಪುಸ್ತಕ, ಇಎಸ್ಐ ಅಂದರೆ ಕಾರ್ಮಿಕರ ವಿಮೆ, ಸೇಫ್ಟಿ ಎಲ್ಲ ನನ್ನ ತಲೆ ಮೇಲೇ. ಗಾಯಕ್ಕೆ ಅಂಟಿಸುವ ಪ್ಲಾಸ್ಟರನ್ನು ಕವರಿನಲ್ಲಿಟ್ಟು, ಆ ಕವರನ್ನೇ ಗಾಯದ ದಾಖಲೆ ಮಾಡುವ ಈ ಚೀಟಿ ಪದ್ಧತಿ ಶುರು ಮಾಡಿದಾಗ ಓನರಿಂದ ಹಿಡಿದು ಕನ್ಸಲ್ಟೆಂಟ್‌ವರೆಗೆ ಎಲ್ಲರೂ ಬೇಡ ಎಂದವರೇ. ಮೊನ್ನೆ ಅಕ್ಕಪಕ್ಕದ ಎರಡು ಯೂನಿಟ್‌ನವರು ಬಂದು ಫೋಟೊ ತೆಗೆದುಕೊಂಡು ಹೋದರು. ಫೋಟೊ ನೋಡಿ ಮಾಡಿದರೆ ನಾವು ಎಡವಿದಲ್ಲೇ ಅವರೂ ಎಡವುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಾಗದದಲ್ಲಿ ನಮ್ಮದು ಎಲ್ಲ ಸರಿಯಾಗಿತ್ತು. ಕಾರ್ಖಾನೆಗಳ ಕಾಯ್ದೆಯ 45ನೇ ಸೆಕ್ಷನ್ 150 ಜನಕ್ಕೆ ಕನಿಷ್ಠ ಒಂದು ಪೆಟ್ಟಿಗೆ ಕೇಳುತ್ತಿತ್ತು, ಅದಕ್ಕೊಬ್ಬ ಸರ್ಟಿಫಿಕೇಟ್ ಇರುವ ಜವಾಬ್ದಾರನನ್ನೂ ಕೇಳುತ್ತಿತ್ತು. ಪೆಟ್ಟಿಗೆ ಇತ್ತು, ಜವಾಬ್ದಾರನ ಹೆಸರೂ ಬೋರ್ಡಿನ ಮೇಲಿತ್ತು. ರಿಜಿಸ್ಟರಿನಲ್ಲಿ ವರ್ಷಕ್ಕೆ ಆರು ಗಾಯ. ಆಡಿಟ್ ಬಂತೆಂದರೆ ಹಿಂದಿನ ದಿನ ಸಂಜೆ ಕೂತು ಒಂದೇ ಪೆನ್ನಿನಲ್ಲಿ ಆರೂ ಸಾಲು ತುಂಬುತ್ತಿದ್ದೆವು. ಇದನ್ನು ಓದುವ ಅರ್ಧ ಜನ ಹಾಗೇ ತುಂಬುತ್ತಿದ್ದೀರಿ, ನನಗೆ ಗೊತ್ತು.

2018ರ ಮಳೆಗಾಲ, ಸೆಕೆಂಡ್ ಶಿಫ್ಟ್. ಇಪ್ಪತ್ತು ಟನ್ ಪ್ರೆಸ್‌ನಲ್ಲಿ ಗದಗ ಕಡೆಯ ಹುಡುಗನ ಎಡಗೈ ತೋರುಬೆರಳಿನ ತುದಿ ಹೋಯಿತು. ಪೆಟ್ಟಿಗೆಗೆ ಬೀಗ. ಕೀಲಿ ಸ್ಟೋರ್ಸ್‌ನವನ ಜೇಬಿನಲ್ಲಿ, ಅವನು ಊಟಕ್ಕೆ ಹೊರಗೆ. ಮಷೀನ್ ಒರೆಸುವ ಬನಿಯನ್ ವೇಸ್ಟ್ ಬಟ್ಟೆಯಲ್ಲೇ ಕೈ ಸುತ್ತಿದರು. ತುಂಡಾದ ತುದಿಯನ್ನು ಯಾರೋ ಜ್ಯೂಸ್ ಅಂಗಡಿಯಿಂದ ತಂದ ಐಸ್ ಒಳಗೆ ನೇರವಾಗಿ ಹಾಕಿಬಿಟ್ಟಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಬಿಚ್ಚಿ ನೋಡಿ, ಐಸ್ ತಾಗಿ ಮಾಂಸ ಕೆಟ್ಟಿದೆ, ಹೊಲಿದರೂ ಕೂರುವುದಿಲ್ಲ ಎಂದರು. ತೊಯ್ಸಿದ ಶುಭ್ರ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಮೇಲೆ ಇಡಬೇಕಿತ್ತು. ನಲವತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಹುಡುಗ ಈಗಲೂ ನಮ್ಮಲ್ಲೇ ಇದ್ದಾನೆ. ಚಹಾ ಲೋಟ ಹಿಡಿಯುವಾಗ ಆ ಬೆರಳನ್ನು ಎತ್ತಿಕೊಂಡೇ ಹಿಡಿಯುತ್ತಾನೆ.

ಬೆರಳು ಹೋಗಿದ್ದಲ್ಲದೆ ಕಾಗದದಲ್ಲೂ ಅವನಿಗೆ ಅನ್ಯಾಯವಾಯಿತು. ಇಎಸ್ಐಗೆ ಅಪಘಾತದ ವರದಿ, ಅಂದರೆ ಫಾರ್ಮ್ 12, ಹೆಚ್ಚೆಂದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಹೋಗಬೇಕಿತ್ತು. ನಾವು ಕಳಿಸಿದ್ದು ಐದನೇ ದಿನ. ಆಕ್ಸಿಡೆಂಟ್ ಬುಕ್ಕಿನಲ್ಲಿ ಒಂದು ತಾರೀಖು, ಆಸ್ಪತ್ರೆ ಚೀಟಿಯಲ್ಲಿ ಇನ್ನೊಂದು, ಮಸ್ಟರಿನಲ್ಲಿ ಅವನು ಮಾರನೇ ದಿನವೂ ಹಾಜರು! ಕೂಲಿಯ ಶೇ. 90 ಬರಬೇಕಾದ ತಾತ್ಕಾಲಿಕ ಅಂಗವೈಕಲ್ಯದ ಹಣ ಆರು ತಿಂಗಳು ನಿಂತುಹೋಯಿತು. ನಾನೇ ನಾಲ್ಕೈದು ಸಲ ಅಲೆದೆ. ಅಷ್ಟರಲ್ಲಿ ಕಂಪನಿಯಿಂದ ಕೊಟ್ಟ ಅಡ್ವಾನ್ಸ್ ಇಪ್ಪತ್ತೆರಡು ಸಾವಿರದ ಹತ್ತಿರ ಹತ್ತಿರ. ಅವನ ಅಮ್ಮ ಊರಿಂದ ಫೋನ್ ಮಾಡಿ "ಇವತ್ತರೆ ಬರ್ತದೇನ್ರಿ ಸರ್" ಎಂದು ಕೇಳುತ್ತಿದ್ದುದು ಇನ್ನೂ ಕಿವಿಯಲ್ಲಿದೆ.

ಮೊದಲು ಮಾಡಿದ್ದು ಬೀಗ ತೆಗೆದಿದ್ದು. ಒಂಬತ್ತೇ ದಿನಕ್ಕೆ ಹತ್ತಿ, ಕತ್ತರಿ, ಡೆಟಾಲ್ ಬಾಟ್ಲಿ ಎಲ್ಲ ಮಾಯ. ಮತ್ತೆ ತುಂಬಿಸಿದೆ, ಮತ್ತೆ ಹೋಯಿತು. ತಿಂಗಳಿಗೆ ಸಾವಿರದ ನಾನೂರು ರೂಪಾಯಿ ಹೀಗೇ ಕೈಬಿಟ್ಟಿತು. "ನೋಡಿದ್ಯೇನಪ್ಪ, ಬೀಗ ಯಾಕೆ ಹಾಕಿದ್ದೆವು ಅಂತ" ಎಂದರು ಓನರ್. ಆಮೇಲೆ ಪೆಟ್ಟಿಗೆ ಪಕ್ಕ ದಾರ ಕಟ್ಟಿದ ಪೆನ್ನು, ರಿಜಿಸ್ಟರ್ ನೇತುಹಾಕಿದೆ. ಮೂರು ತಿಂಗಳಲ್ಲಿ ನಾಲ್ಕು ಎಂಟ್ರಿ. ರಕ್ತ ಬರುತ್ತಿರುವ ಕೈಯಲ್ಲಿ ಯಾರು ಬರೆಯುತ್ತಾರೆ? ಅರ್ಧ ಜನಕ್ಕೆ ಕನ್ನಡ ಓದಲು ಬರುವುದಿಲ್ಲ, ಒಡಿಶಾ, ಜಾರ್ಖಂಡ್ ಹುಡುಗರು. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ತುಂಬುವ ಫಾರ್ಮ್ ಕೂಡ ಮಾಡಿಸಿದೆ. ಮಷೀನ್ ಹತ್ತಿರ ಫೋನ್ ನಿಷೇಧ ಎಂದು ನಾನೇ ಬೋರ್ಡ್ ಹಾಕಿದ್ದೆ, ಹಾಗಾಗಿ ಅದು ಎರಡು ವಾರವೂ ನಡೆಯಲಿಲ್ಲ.

ದಾರಿ ತೋರಿಸಿದ್ದು ನಮ್ಮ ಟೂಲ್ ರೂಂ. ಅಲ್ಲಿ ಟೋಕನ್ ಕೊಡದೆ ಡ್ರಿಲ್ ಬಿಟ್ ಸಿಗುವುದಿಲ್ಲ. ಗಾಯಕ್ಕೂ ಹಾಗೇ ಮಾಡಿದರೆ? ಪ್ಲಾಸ್ಟರ್ ತೆಗೆಯುವುದೇ ದಾಖಲೆ ಆಗಬೇಕು, ಬರೆಯುವುದು ಬೇರೆ ಕೆಲಸ ಆಗಬಾರದು.

ಮೆಡಿಕಲ್ ಶಾಪಿನಲ್ಲಿ ಮಾತ್ರೆ ಹಾಕಿ ಕೊಡುವ ಸಣ್ಣ ಕಾಗದದ ಕವರ್ ಗೊತ್ತಲ್ಲ, ಅಂಥದ್ದು ಸ್ವಲ್ಪ ದೊಡ್ಡದು. ಒಳಗೆ ಎರಡು ಪ್ಲಾಸ್ಟರ್, ಅದರದೇ ಪ್ಯಾಕಿನಲ್ಲಿರುವ ಒಂದು ಸ್ಟೆರೈಲ್ ಗಾಜ್ ಬಟ್ಟೆ, ಒರೆಸಲು ಒಂದು ಸ್ವಾಬ್. ಕವರಿನ ಮೇಲೆ ಎರಡು ಕೈಗಳ ಚಿತ್ರ, ಮಷೀನ್ ನಂಬರಿಗೊಂದು ಚೌಕ, ಗಡಿಯಾರದ ಚಿತ್ರ, ಕ್ರಮಸಂಖ್ಯೆ. ಗಾಯ ಎಲ್ಲಾಗಿದೆಯೋ ಚಿತ್ರದ ಮೇಲೆ ಅಲ್ಲೊಂದು ಗೀಟು ಎಳೆದರೆ ಆಯಿತು, ಭಾಷೆ ಬೇಕಿಲ್ಲ. ತುದಿಯಲ್ಲಿ ಅದೇ ನಂಬರಿನ ಒಂದು ಹರಿಯುವ ಚೂರು, ಅದು ಗಾಯವಾದವನ ಹತ್ತಿರ. ಖಾಲಿ ಕವರ್ ಡಬ್ಬಕ್ಕೆ. ಸಂಜೆ ಲೆಕ್ಕ ಮಾಡಿದರೆ ಹೋದ ಕವರೆಷ್ಟು, ಡಬ್ಬದಲ್ಲಿರುವುದೆಷ್ಟು ಎಂದು ತಾಳೆ ಸಿಗುತ್ತದೆ.

ಮೊದಲ ಇನ್ನೂರು ಕವರ್ ದಂಡ. ಸ್ಟೇಪ್ಲರ್ ಪಿನ್ ಹೊಡೆದಿದ್ದೆ. ಒಂದು ಕೈ ಗಾಯವಾದಾಗ ಇನ್ನೊಂದು ಕೈಯಲ್ಲಿ ಪಿನ್ ಬಿಚ್ಚಲು ಆಗುವುದಿಲ್ಲ. ಒಬ್ಬನಿಗೆ ಆ ಪಿನ್ನೇ ಚುಚ್ಚಿತು. ಗೋಂದು ಹಚ್ಚಿದರೆ ಮಳೆಗಾಲದಲ್ಲಿ ತಾನಾಗಿ ಬಿಚ್ಚಿಕೊಂಡು ಒಳಗೆ ಧೂಳು. ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಬಲಗೈ, ಹಲ್ಲು ಎರಡರಲ್ಲೇ ತೆಗೆದು ತೆಗೆದು ನೋಡಿ ಹನ್ನೊಂದೋ ಹನ್ನೆರಡೋ ಬಗೆಯಲ್ಲಿ ಮಾಡಿಸಿದ ಮೇಲೆ ಒಂದು ಸರಿಹೋಯಿತು. ಆ ಅಂಟಿಸುವ ಬಗೆ ಮಾತ್ರ ಇಲ್ಲಿ ಬರೆಯುವುದಿಲ್ಲ, ನಮ್ಮಲ್ಲಿಗೆ ಬಂದವರಿಗೆ ತೋರಿಸುತ್ತೇನೆ. ಕವರುಗಳು ಮನೆಗೆ ಹೋಗುವುದು ನಿಲ್ಲಲು ಒಳಗೆ ಇನ್ನೊಂದು ಸಣ್ಣ ವಸ್ತು ಸೇರಿಸಿದ್ದೇನೆ, ಅದನ್ನೂ ಹೇಳಿದರೆ ನಾಳೆಯಿಂದ ಕೆಲಸ ಮಾಡುವುದಿಲ್ಲ. ಎಲ್ಲ ಸೇರಿ ಕವರಿಗೆ ಆರೂವರೆ, ಏಳು ರೂಪಾಯಿ ಬೀಳುತ್ತದೆ.

ಎರಡನೇ ತೊಡಕು ಹೆಸರಿನದು. ಮೊದಲು ಕವರಿನ ಮೇಲೆ ಹೆಸರು, ಟೋಕನ್ ನಂಬರ್ ಕೇಳಿದ್ದೆ. ಹೆಸರು ಬರೆದರೆ ಓಟಿ, ಅಂದರೆ ಓವರ್‌ಟೈಮ್ ಕೆಲಸ, ಕೊಡುವುದಿಲ್ಲ ಎಂಬ ಮಾತು ಹೇಗೋ ಹಬ್ಬಿತು. ಹೆಸರು ತೆಗೆದುಹಾಕಿದೆ. ಆಸ್ಪತ್ರೆಗೆ ಹೋಗುವಂಥ ಗಾಯವಾದರೆ ಆ ಕ್ಷಣವೇ ಹೆಸರು, ಸಾಕ್ಷಿ ಸಮೇತ ಆಕ್ಸಿಡೆಂಟ್ ಬುಕ್ಕಿಗೆ. ಚಿಕ್ಕ ಗೀರಾದರೆ ನಂಬರಿನ ಚೂರು ಅವನ ಜೇಬಿನಲ್ಲಿ. ಮೂರನೇ ದಿನ ಬಾತುಕೊಂಡರೆ ಚೂರು ತಂದು ತೋರಿಸಲಿ, ಗಾಯವಾದ ದಿನದ ಲೆಕ್ಕ ಅಲ್ಲೇ ಇರುತ್ತದೆ.

ಕನ್ಸಲ್ಟೆಂಟ್‌ಗೆ ಇದು ಸುತರಾಂ ಇಷ್ಟವಿರಲಿಲ್ಲ. "ಚಿಕ್ಕಪುಟ್ಟದ್ದನ್ನೆಲ್ಲ ಬರೆದಿಟ್ಟರೆ ನೀವೇ ಕೈಯಾರೆ ಸಾಕ್ಷಿ ಕೊಟ್ಟ ಹಾಗೆ" ಎಂದರು. ಆದರೆ ಕಾರ್ಖಾನೆಗಳ ಕಾಯ್ದೆಯ 88ನೇ ಸೆಕ್ಷನ್ನಿನಲ್ಲಿ ಸರ್ಕಾರಕ್ಕೆ ಕೊಡಬೇಕಾದ ನೋಟಿಸ್ ಇದ್ದುದು ಸಾವಿಗೆ, ಇಲ್ಲವೆ 48 ಗಂಟೆ ಕೆಲಸ ತಪ್ಪಿಸುವ ಗಾಯಕ್ಕೆ. ಪ್ಲಾಸ್ಟರ್ ಗಾಯ ಬರೆದಿಟ್ಟವನನ್ನು ಹಿಡಿಯುವ ಕಾನೂನು ನಾನು ಕಂಡಿಲ್ಲ.

ಮೊದಲ ವರ್ಷ ಡಬ್ಬಕ್ಕೆ ಬಿದ್ದ ಕವರ್ ಸುಮಾರು 340. ಓನರ್ ಮುಖ ಕೆಂಪಾಯಿತು. "ಆರಿದ್ದದ್ದು ಮುನ್ನೂರ ನಲವತ್ತು ಆಯ್ತಾ? ಇದನ್ನು ಕಸ್ಟಮರ್ ನೋಡಿದರೆ?" ನಾನು ಒಂದು ಭಾನುವಾರ ಕೂತು ಎಲ್ಲ ಕವರಿನ ಗೀಟುಗಳನ್ನೂ ಒಂದೇ ದೊಡ್ಡ ಕೈಚಿತ್ರದ ಮೇಲೆ ಕೆಂಪು ಪೆನ್ನಿನಿಂದ ಇಳಿಸಿದೆ. ಎಡಗೈ ಹೆಬ್ಬೆರಳಿನ ಬುಡ ಪೂರ್ತಿ ಕೆಂಪಾಯಿತು. ಅಲ್ಲಿ ಯಾಕೆ? ಸೋಮವಾರ ಹೋಗಿ ಡೀಬರಿಂಗ್ ಬೆಂಚಿನ ಹತ್ತಿರ ಎರಡು ಗಂಟೆ ನಿಂತೆ. ಸ್ಕ್ರ್ಯಾಪ್ ಬಿನ್ ಬಗ್ಗಿಸುವಾಗ ಎಲ್ಲರೂ ಅದರ ಅಂಚನ್ನು ಸರಿಯಾಗಿ ಆ ಜಾಗದಿಂದಲೇ ಹಿಡಿಯುತ್ತಾರೆ. ಅಂಚು ನಾವೇ ಕತ್ತರಿಸಿದ ಶೀಟಿನದು, ಬ್ಲೇಡಿನಷ್ಟು ಹರಿತ. ಹಳೇ ಏರ್ ಹೋಸ್ ಉದ್ದಕ್ಕೆ ಸೀಳಿ ಎಲ್ಲ ಬಿನ್ನುಗಳ ಅಂಚಿಗೂ ತೊಡಿಸಿದೆವು. ಖರ್ಚು ಒಂಬೈನೂರು ದಾಟಲಿಲ್ಲ. ಮಾರನೇ ವರ್ಷ ಕವರ್ ನೂರಾ ಅರವತ್ತಕ್ಕೆ ಇಳಿಯಿತು. ಅದರಲ್ಲಿ ಲಾಕ್‌ಡೌನ್ ತಿಂಗಳುಗಳೂ ಇದ್ದವು ನಿಜ, ಆದರೆ ಹೆಬ್ಬೆರಳಿನ ಬುಡದ ಗೀಟು ಅದರ ಮುಂದಿನ ವರ್ಷವೂ ಬೆರಳೆಣಿಕೆಯಷ್ಟೇ. ಆರೇ ಎಂದು ಬರೆಯುತ್ತಿದ್ದಷ್ಟು ವರ್ಷವೂ ಆ ಅಂಚು ಜನರ ಕೈ ಕೊಯ್ಯುತ್ತಲೇ ಇತ್ತು.

ತರಬೇತಿಗೆ ಸುರಿದ ಹಣದಲ್ಲಿ ಅರ್ಧ ನೀರಿನಲ್ಲಿ ಹೋಯಿತು. ಎಂಟು ಜನಕ್ಕೆ ಸೇಂಟ್ ಜಾನ್ ಆಂಬ್ಯುಲೆನ್ಸ್‌ನ ಕೋರ್ಸ್ ಮಾಡಿಸಿದೆ, ಎಂಟೂ ಚುರುಕಾದ ಆಪರೇಟರುಗಳು. ವರ್ಷದೊಳಗೆ ಐದು ಜನ ಕೆಲಸ ಬಿಟ್ಟರು. ಚುರುಕಾದವರನ್ನು ಪಕ್ಕದ ಕಂಪನಿ ಎಳೆದುಕೊಳ್ಳುತ್ತದೆ, ಸಹಜ. ಎರಡನೇ ಸಲ ಪ್ಯಾಕಿಂಗ್‌ನ ನಾಲ್ವರು ಹೆಂಗಸರನ್ನು ಕಳಿಸಿದೆ. ಮಕ್ಕಳು ಇಲ್ಲೇ ಹತ್ತಿರದ ಶಾಲೆಯಲ್ಲಿ ಓದುವವರು, ಬಿಟ್ಟುಹೋಗುವವರಲ್ಲ. ನಾಲ್ವರೂ ಇನ್ನೂ ಇದ್ದಾರೆ. ಸರ್ಟಿಫಿಕೇಟ್ ಮೂರು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ಅದೂ ಆಯಿತು. ಗಂಡಸರು ಅಕ್ಕನ ಹತ್ತಿರ ಗಾಯ ತೋರಿಸುವಷ್ಟು ಸಲೀಸಾಗಿ ಸೂಪರ್‌ವೈಸರ್ ಹತ್ತಿರ ತೋರಿಸುವುದಿಲ್ಲ, ಇದು ನಾನು ಎಣಿಸದೇ ಸಿಕ್ಕ ಲಾಭ.

ನಡುವೆ ಇನ್ನೂ ಏನೇನೋ ಮಾಡಿ ನೋಡಿದೆ. ರಕ್ತದ ಹಾಗೆ ಬೀಟ್ರೂಟ್ ಬೇಯಿಸಿದ ನೀರು ಕೈಗೆ ಸುರಿದು ಹೇಳದೆ ಕೇಳದೆ ಅಣಕು ಡ್ರಿಲ್. ಮೊದಲ ಸಲ ಬಟ್ಟೆ ಒತ್ತಿ ಹಿಡಿಯಲು ಆರು ನಿಮಿಷ ಹಿಡಿಯಿತು, ಈಗ ನಲವತ್ತು ಸೆಕೆಂಡಿನೊಳಗೆ. ಕಣ್ಣಿಗೆ ಪೌಡರೋ ದ್ರವವೋ ಬಿದ್ದರೆ ತೊಳೆಯಲು ಐ ವಾಷ್ ಬಾಟ್ಲಿ ದುಬಾರಿ ಎಂದು ಡ್ರಿಪ್‌ಗೆ ಹಾಕುವ 500 ಮಿಲಿ ಸಲೈನ್ ಬಾಟ್ಲಿ ಇಟ್ಟೆ. ಒಮ್ಮೆ ತೆರೆದರೆ ಎಸೆಯಬೇಕು, ಉಳಿಸಿ ಮುಚ್ಚಿಡಬಾರದು. ಒಂದು ಬಾಟ್ಲಿ ಸಾಲದು ಎಂದು ಆಮೇಲೆ ನಲ್ಲಿಗೇ ಮೇಲ್ಮುಖದ ಎರಡು ಬಾಯಿ ಹಾಕಿಸಿದೆ. ಕ್ಯಾಂಟೀನ್ ಭಟ್ಟರ ಮುಂಗೈ ಮೇಲೆ ಕುದಿಯುವ ಗಂಜಿ ಚೆಲ್ಲಿದಾಗ ಒಬ್ಬ ಟೂತ್‌ಪೇಸ್ಟ್ ಹಿಡಿದು ಓಡಿಬಂದ. ಅಕ್ಕಂದಿರು ಅವನನ್ನು ತಡೆದು ಭಟ್ಟರ ಕೈಯನ್ನು ಹರಿಯುವ ನಲ್ಲಿ ಕೆಳಗೆ ಹಿಡಿಸಿದರು. ಸುಟ್ಟ ಕೈಗೆ ಇಪ್ಪತ್ತು ನಿಮಿಷ ನೀರು ಬೇಕು. ಐದನೇ ನಿಮಿಷಕ್ಕೆ ಭಟ್ಟರಿಗೆ ನಿಲ್ಲಲಾಗಲಿಲ್ಲ. ಈಗ ಆ ನಲ್ಲಿ ಪಕ್ಕ ಒಂದು ಸ್ಟೂಲ್, ಎದುರಿಗೆ ಗೋಡೆ ಗಡಿಯಾರ ಇದೆ.

ಚೀಟಿ ನಿಜವಾಗಿ ಗೆದ್ದದ್ದು 2022ರಲ್ಲಿ. ಶಿಯರಿಂಗ್‌ನ ಹೆಲ್ಪರ್ ಒಬ್ಬನ ಅಂಗೈಗೆ ಸಣ್ಣ ಚೂರು ಹೊಕ್ಕು ಪ್ಲಾಸ್ಟರ್ ಹಾಕಿಕೊಂಡು ಹೋದ. ನಾಲ್ಕನೇ ದಿನ ಕೈ ಮೊಣಕೈವರೆಗೆ ಬಾತು ಜ್ವರ, ಕೊಯ್ದು ಕೀವು ತೆಗೆದರು, ಮೂರು ವಾರ ರಜೆ. ಫಾರ್ಮ್ 12 ಅದೇ ದಿನ ಸಂಜೆ ಹೋಯಿತು. ಕೆಲಸದಲ್ಲೇ ಆದ ಗಾಯ ಎನ್ನಲು ಏನು ಆಧಾರ ಎಂದು ಇಎಸ್ಐನವರು ಕೇಳಿದರು. ಅವನು ಪರ್ಸಿನಿಂದ ಆರುನೂರ ಚಿಲ್ಲರೆ ನಂಬರಿನ ಚೂರು ತೆಗೆದ. ನಾನು ಅದೇ ನಂಬರಿನ ಕವರ್ ಇಟ್ಟೆ: ತಾರೀಖು, ಹನ್ನೊಂದೂವರೆ ಗಂಟೆ, ಶಿಯರಿಂಗ್ ಎರಡು, ಅಂಗೈ ನಡುವೆ ಗೀಟು, ಮೂಲೆಯಲ್ಲಿ ಎಣ್ಣೆ ಹೆಬ್ಬೆಟ್ಟು. ಮಸ್ಟರೂ ತಾಳೆಯಾಯಿತು. ಒಂದೂವರೆ ತಿಂಗಳಲ್ಲಿ ಹಣ ಅವನ ಖಾತೆಗೆ ಬಂತು, ಕಂಪನಿ ಅಡ್ವಾನ್ಸ್ ಕೊಡುವ ಪ್ರಸಂಗವೇ ಬರಲಿಲ್ಲ. ಓನರ್ ಅವತ್ತಿನಿಂದ ಕವರ್ ಖರ್ಚಿನ ಬಗ್ಗೆ ಕೇಳಿಲ್ಲ.

ಆ ವರ್ಷದ ಕೊನೆಗೆ ಕಸ್ಟಮರ್ ಕಡೆಯ ಆಡಿಟರ್ ಬಂದು ಡಬ್ಬ ಮೇಜಿನ ಮೇಲೆ ಸುರಿಸಿಕೊಂಡು ಒಂದೊಂದೇ ತಿರುವಿ ಅರ್ಧ ಗಂಟೆ ನೋಡಿದರು. ಬೇರೆ ಬೇರೆ ಪೆನ್ನು, ಬೇರೆ ಬೇರೆ ಕೈ. ಒಂದೂ ಪ್ರಶ್ನೆ ಕೇಳದೆ ಬಿನ್ ಅಂಚಿನ ಹೋಸ್ ತೋರಿಸಿ ಎಂದರು.

ಇನ್ನೂ ಸರಿಹೋಗದೇ ಇರುವುದು ಕಾಂಟ್ರಾಕ್ಟ್ ಲೋಡಿಂಗ್‌ನವರದು. ದಿನಕ್ಕೊಂದು ಗ್ಯಾಂಗ್, ಕವರ್ ಎಲ್ಲಿದೆ ಎಂದೇ ಅವರಿಗೆ ಗೊತ್ತಿರುವುದಿಲ್ಲ. ಗೇಟಿನಲ್ಲಿ ಹೆಲ್ಮೆಟ್ ಕೊಡುವಾಗಲೇ ಒಳಗೊಂದು ಕವರ್ ಸಿಕ್ಕಿಸಿ ಕೊಡುವುದನ್ನು ಎರಡು ವಾರದಿಂದ ಮಾಡಿ ನೋಡುತ್ತಿದ್ದೇನೆ. ಬೆವರಿಗೆ ಕವರ್ ನೆನೆಯುತ್ತಿದೆ, ಕಾಗದ ಬದಲಿಸಬೇಕು.